ದಾರಿ ಹೇಳುವ ಪೆಟ್ಟಿಗೆ

ಕಳೆದ ಮಳೆಗಾಲದ ಒಂದು ಸಂಜೆ. ನಮ್ಮ ಧರ್ಮಕೇಂದ್ರದ ಹುಡುಗಿಯೊಬ್ಬಳು ತಾಯಿಯೊಂದಿಗೆ ಓಡಿ ಬಂದಳು. ಪದವಿ ತರಗತಿಗೆ ಅರ್ಜಿ ಹಾಕಲು ಅದೇ ಕೊನೆಯ ದಿನ. ಅಕ್ಷಯ ಕೇಂದ್ರ ಮುಚ್ಚಿತ್ತು. ನಮ್ಮ ಕಛೇರಿಯ ಕಂಪ್ಯೂಟರಿನಲ್ಲಿ ವೈಫೈ ಗುರುತು ಪೂರ್ತಿ ಇದೆ, ಪುಟ ಮಾತ್ರ ತೆರೆಯುತ್ತಿಲ್ಲ. ಸಂಪರ್ಕ ಕೊಟ್ಟ ಹುಡುಗನಿಗೆ ಫೋನು ಮಾಡಿದೆವು. "ತಿಂಗಳ ದುಡ್ಡು ತಪ್ಪದೆ ತೆಗೆದುಕೊಳ್ಳುತ್ತೀಯಲ್ಲ, ಕೆಲಸ ಯಾರು ಮಾಡುವುದು?" ಎಂದು ಗಾಯನ ತಂಡದವರೆಲ್ಲ ಕೇಳುವಂತೆ ಗದರಿದೆವು.

ಹುಡುಗ ನೆನೆದುಕೊಂಡೇ ಬಂದ. "ಫಾದರ್, ಈ ಇನ್ನೊಂದು ಪೆಟ್ಟಿಗೆ ಯಾರು ಇಟ್ಟದ್ದು?" ಎಂದ. ಸಭಾಂಗಣಕ್ಕೂ ಸಿಗ್ನಲ್ ಸಿಗಲಿ ಎಂದು ಅಂದು ಮಧ್ಯಾಹ್ನ ನಾವೇ ಜೋಡಿಸಿದ್ದ ಹಳೆಯ ರೂಟರ್ ಅದು. ಅದರ ತಂತಿ ಕಿತ್ತು, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದ. ಪುಟ ತೆರೆಯಿತು. ರಾತ್ರಿ ಒಂಬತ್ತರ ಹೊತ್ತಿಗೆ ಅರ್ಜಿ ಹೋಯಿತು.

ಕಾರಣವನ್ನು ಅವನೇ ಬಿಡಿಸಿ ಹೇಳಿದ. ನಾವು ಕಳುಹಿಸುವುದೆಲ್ಲ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೊರಡುತ್ತದೆ. ಪ್ರತಿಯೊಂದರ ಮೇಲೂ ವಿಳಾಸವಿರುತ್ತದೆ. ರೂಟರ್ ಅದನ್ನು ನೋಡಿ, ತನ್ನ ಪಟ್ಟಿಯಲ್ಲಿ ಹುಡುಕಿ, ಮುಂದಿನ ರೂಟರಿಗೆ ದಾಟಿಸುತ್ತದೆ. ಇಡೀ ದಾರಿ ಅದಕ್ಕೆ ತಿಳಿಯದು, ಮುಂದಿನ ಹೆಜ್ಜೆ ಮಾತ್ರ ಗೊತ್ತು. ಮನೆಯ ರೂಟರ್ ಕಂಪ್ಯೂಟರಿಗೆ, "ಹೊರಗೆ ಹೋಗಲು ನಾನೇ ಬಾಗಿಲು" ಎಂದೂ ತಿಳಿಸುತ್ತದೆ. ಹೊರಗಿನ ತಂತಿಯೇ ಇಲ್ಲದ ನಮ್ಮ ಹಳೆಯ ಪೆಟ್ಟಿಗೆಯೂ ಹಾಗೆಯೇ ಹೇಳಿತ್ತು. ಕಂಪ್ಯೂಟರ್ ನಂಬಿತು, ಪೊಟ್ಟಣಗಳು ಅಲ್ಲೇ ನಿಂತವು.

ಜಗತ್ತಿನ ದೊಡ್ಡ ಜಾಲಗಳೂ "ಈ ವಿಳಾಸಕ್ಕೆ ನನ್ನ ಮೂಲಕ ಬನ್ನಿ" ಎಂದು ನೆರೆಯ ಜಾಲಗಳಿಗೆ ಸಾರುತ್ತವೆ. 1989ರಲ್ಲಿ ರೂಪುಗೊಂಡ ಬಿಜಿಪಿ ಎಂಬ ಈ ಕ್ರಮ ನಿಂತದ್ದು ನಂಬಿಕೆಯ ಮೇಲೆ. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ, ಸರ್ಕಾರದ ಆಜ್ಞೆಯಂತೆ ಯೂಟ್ಯೂಬನ್ನು ತನ್ನ ದೇಶದೊಳಗೆ ತಡೆಯಲು ಹೊರಟಿತು. ಆದರೆ ಅದರ 256 ವಿಳಾಸಗಳಿಗೆ ತಾನೇ ದಾರಿ ಎಂಬ ಸಾರಿಕೆ ಹೊರಗೂ ಹೋಯಿತು. ಹಾಂಕಾಂಗಿನ ಪಿಸಿಸಿಡಬ್ಲ್ಯೂ ಅದನ್ನು ತಡೆಯದೆ ಮುಂದಕ್ಕೆ ಸಾಗಿಸಿತು. ಯೂಟ್ಯೂಬ್ ಸಾರಿದ್ದು 1,024 ವಿಳಾಸಗಳ ಗುಂಪನ್ನು; ಚಿಕ್ಕ ಗುಂಪಿನ ದಾರಿಯೇ ಹೆಚ್ಚು ಖಚಿತವೆಂದು ರೂಟರುಗಳು ಅದನ್ನೇ ಹಿಡಿದವು. ಸುಮಾರು ಎರಡು ಗಂಟೆ ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. ಸುಳ್ಳು ಸಾರಿಕೆ ಹೋದ ದಾರಿಯಲ್ಲೇ ಅದನ್ನು ಹಿಂತೆಗೆದಾಗ ಎಲ್ಲ ಸರಿಯಾಯಿತು. ಇಂತಹ ಸಾರಿಕೆಗಳನ್ನು ಪರೀಕ್ಷಿಸುವ ವ್ಯವಸ್ಥೆ ಈಗ ಇದ್ದರೂ ಎಲ್ಲರೂ ಅಳವಡಿಸಿಕೊಂಡಿಲ್ಲ.

ಆ ಹುಡುಗನಲ್ಲಿ ಕ್ಷಮೆ ಕೇಳಿದೆವು. "ಇರಲಿ ಫಾದರ್" ಎಂದು ನಕ್ಕ. ಆದರೆ ನಮಗೆ ನಿದ್ದೆ ಬರಲಿಲ್ಲ. ಎರಡು ದಿನಗಳ ಬಳಿಕ ಗಾಯನ ತಂಡದ ಒಬ್ಬರು, "ಆ ಹುಡುಗ ಭಾರೀ ಉದಾಸೀನವಂತೆ ಫಾದರ್, ನಾವೂ ಬೇರೆಯವರಿಂದ ಲೈನು ತೆಗೆದುಕೊಳ್ಳುತ್ತೇವೆ" ಎಂದರು. ನಮ್ಮ ಮಾತೇ ಆಗಲೇ ಮನೆಯಿಂದ ಮನೆಗೆ ದಾಟಿತ್ತು. ಅವನ ಅನ್ನದ ಪ್ರಶ್ನೆ ಅದು.

ಮುಂದಿನ ಅಭ್ಯಾಸದ ದಿನ ಅವನನ್ನೂ ಕರೆಸಿ, ಅದೇ ಜನರ ಮುಂದೆ, "ತಪ್ಪು ನಮ್ಮದು, ಈ ಹುಡುಗನದ್ದಲ್ಲ. ನೀವು ಯಾರಿಗೆ ಹೇಳಿದ್ದೀರೋ ಅವರಿಗೂ ಇದನ್ನು ಹೇಳಿ" ಎಂದೆವು. ಕಿವಿಯಲ್ಲಿ ಕೇಳಿದ ಕ್ಷಮೆ ಸಾಲದು ಪ್ರಿಯರೇ. ತಪ್ಪು ಮಾತು ನಡೆದಷ್ಟು ದೂರ ಸರಿಯಾದ ಮಾತೂ ನಡೆಯಬೇಕು.