ಬೇಸಿಗೆಯ ಬಿಸಿಲೂ ಫಟಫಟಿಯ ಸವಾರನೂ

ಘಟಪ್ರಭೆಯ ಸೀಮೆಯಲ್ಲಿ ಬೇಸಿಗೆಯು ಪಂಚಾಂಗದ ಅಪ್ಪಣೆಯನ್ನು ಕಾಯುತ್ತ ಕುಳಿತುಕೊಳ್ಳುವದಿಲ್ಲ. ಹೋಳಿಯ ಬಣ್ಣವು ಬಟ್ಟೆಯಿಂದ ಬಿಡುವ ಮೊದಲೇ ಅದು ಬಂದು ಬಾಗಿಲಲ್ಲಿ ನಿಂತಿರುತ್ತದೆ. ರೋಹಿಣಿಯ ಮೋಡಗಳು ಪಡುವಲದಲ್ಲಿ ತೋರುವ ವರೆಗೆ ಹೊರಡುವ ಮಾತನ್ನು ಆಡುವದಿಲ್ಲ. ಸಹ್ಯಾದ್ರಿಯ ಮಳೆಯಲ್ಲಿ ಹೆಚ್ಚಿನ ಪಾಲು ಪಡುವಲದ ಕಾಡುಗಳಲ್ಲಿಯೇ ಮುಗಿದುಹೋಗುವದರಿಂದ, ಮೂಡಲಿಗೆ ಸರಿದಂತೆ ನೆಲವು ಒಣಗುತ್ತ, ಬಿಸಿಲು ಏರುತ್ತ ಹೋಗುತ್ತದೆ. ಹುಕ್ಕೇರಿಯ ಕಡೆಯಿಂದ ಹೊರಟು ಘಟಪ್ರಭಾ, ಅರಭಾವಿಗಳನ್ನು ದಾಟಿ ಗೋಕಾಕಕ್ಕೋ ಮೂಡಲಗಿಗೋ ಹೋಗುವವನು ಈ ಭೇದವನ್ನು ಭೂಗೋಲದ ಪುಸ್ತಕದಿಂದ ಕಲಿಯಬೇಕಾಗಿಲ್ಲ. ಅವನ ಮೋರೆಯೇ ಅದನ್ನು ಹೇಳುತ್ತದೆ. ಮಳೆಗಾಲದಲ್ಲಿ ಸುಮಾರು 52 ಮೀಟರು ಎತ್ತರದಿಂದ ಕೆನ್ನೀರಾಗಿ ಧುಮುಕಿ ನಾಲ್ಕು ನಾಡಿನ ಜನರನ್ನು ಕರೆಸಿಕೊಳ್ಳುವ ಗೋಕಾಕದ ಜಲಪಾತವು ವೈಶಾಖದಲ್ಲಿ ಹೆಚ್ಚುಕಡಿಮೆ ಬರಿಯ ಬಂಡೆಯ ಗೋಡೆಯಾಗಿ ನಿಂತು, ಹಗಲೆಲ್ಲ ಕುಡಿದ ಕಾವನ್ನು ಸಂಜೆಯ ಹೊತ್ತಿಗೆ ಸುತ್ತಲೂ ಚೆಲ್ಲುತ್ತದೆ.

ಇಂಥ ಸೀಮೆಯಲ್ಲಿ ದಾರಿ ನಡೆಯುವದಕ್ಕೆ ಹಿಂದಿನವರು ಒಂದು ಶಿಸ್ತನ್ನು ಕಟ್ಟಿಕೊಂಡಿದ್ದರು. ಚಕ್ಕಡಿ ಹೂಡುವವನು ಬೆಳ್ಳಿ ಮೂಡುವ ಹೊತ್ತಿಗೆ ಹೂಡುತ್ತಿದ್ದನು. ಇಲ್ಲವೆ ಬೆಳುದಿಂಗಳನ್ನು ನಂಬಿ ರಾತ್ರಿಯೆಲ್ಲ ಸಾಗುತ್ತಿದ್ದನು. ಹೊತ್ತು ನೆತ್ತಿಗೇರುವಷ್ಟರಲ್ಲಿ ಯಾವದಾದರೊಂದು ಹುಣಸೆಯ ಅಥವಾ ಬೇವಿನ ಮರದ ಕೆಳಗೆ ಎತ್ತುಗಳನ್ನು ಬಿಚ್ಚಿ, ಅವಕ್ಕೆ ನೀರು ತೋರಿಸಿ, ರೊಟ್ಟಿಯ ಗಂಟನ್ನು ಬಿಚ್ಚಿ ಉಂಡು, ತಲೆಗೆ ಸುತ್ತಿದ ಪಟಗವನ್ನೇ ಹಾಸಿಕೊಂಡು ಒರಗುತ್ತಿದ್ದನು. ಎತ್ತುಗಳೇ ಅವನಿಗೆ ಗುರುಗಳಾಗಿದ್ದವೆಂದರೂ ಸಲ್ಲುವದು. ಅವು ದಣಿದು ನಿಂತಾಗ ಯಜಮಾನನೂ ನಿಲ್ಲಬೇಕಾಗುತ್ತಿತ್ತು. ಬಿಸಿಲಿಗೆ ಮರ್ಯಾದೆ ಕೊಡದೆ ದಾರಿ ಸಾಗುವ ಉಪಾಯವೇ ಆ ಕಾಲದಲ್ಲಿ ಇರಲಿಲ್ಲ.

ಫಟಫಟಿಯು ಈ ಶಿಸ್ತನ್ನು ಮುರಿಯಿತು. ಜರ್ಮನಿಯಲ್ಲಿ ಡೈಮ್ಲರ್ ಮತ್ತು ಮೈಬಾಖ್ ಎಂಬ ಇಬ್ಬರು 1885ರಲ್ಲಿ ಕಟ್ಟಿಗೆಯ ಚೌಕಟ್ಟಿಗೆ ಎಂಜಿನನ್ನು ಕೂಡಿಸಿ ಓಡಿಸಿದ ಎರಡು ಗಾಲಿಯ ಬಂಡಿಯ ಸಂತತಿಯು ಲೋಕವನ್ನೆಲ್ಲ ತುಂಬಿತು. ಮದ್ರಾಸಿನಲ್ಲಿ 1955ರಿಂದ ಎನ್‌ಫೀಲ್ಡ್ ಬುಲೆಟ್ಟು, ಮೈಸೂರಿನಲ್ಲಿ 1961ರಿಂದ ಜಾವಾ, ಮುಂದೆ ಅದೇ ಕಾರಖಾನೆಯಿಂದ ಯೆಜ್ಡಿ, ಹೀಗೆ ಒಂದರ ಬೆನ್ನಿಗೆ ಒಂದು ಹೊರಬಂದವು. ಮೈಸೂರಿನ ಆ ಕಾರಖಾನೆಯು 1996ರಲ್ಲಿ ಬಾಗಿಲು ಹಾಕಿತು. ಆದರೆ ಸದ್ದನ್ನು ಕೇಳಿ ಹಳ್ಳಿಯ ಜನರು ಇಟ್ಟ ಫಟಫಟಿಯೆಂಬ ಹೆಸರು ಮಾತ್ರ ಸದ್ದಿಲ್ಲದ ಹೊಸ ಗಾಡಿಗಳಿಗೂ ಅಂಟಿಕೊಂಡು ಉಳಿಯಿತು. ಒಂದು ಕಾಲಕ್ಕೆ ಗೌಡರ ವಾಡೆಯ ಮುಂದೆ ಮಾತ್ರ ಕಾಣುತ್ತಿದ್ದ ಈ ವಾಹನವು ಈಗ ಕೂಲಿಯವನ ಕಟ್ಟೆಯ ಮುಂದೆಯೂ ನಿಂತಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಈ ಎತ್ತಿಗೆ ದಣಿವಿಲ್ಲ. ಆದ್ದರಿಂದ ಯಜಮಾನನಿಗೆ ನಿಲ್ಲೆಂದು ಹೇಳುವವರೂ ಇಲ್ಲ. ವೈಶಾಖವು ಲಗ್ನಗಳ ಕಾಲ. ಮುಂಜಾನೆ ಹೊಲದ ಕೆಲಸ, ಸಂಜೆ ಹಾಲು ಹಿಂಡುವ ಕೆಲಸ. ಲಗ್ನಪತ್ರಿಕೆ ಹಂಚುವವನಿಗೆ ಉಳಿಯುವದು ನಡುಹಗಲೇ. ಬ್ಯಾಂಕಿನ ಕೆಲಸವಿದ್ದವನಿಗೂ, ಪಂಪಿನ ಸಾಮಾನು ತರಬೇಕಾದವನಿಗೂ ಅಂಗಡಿ ಕಚೇರಿಗಳು ತೆರೆದಿರುವ ಹೊತ್ತು ಅದೇ. ಅರ್ಧ ತಾಸಿನ ದಾರಿ, ಹೋಗಿ ಬಂದುಬಿಡೋಣವೆಂದು ಹೊರಡುತ್ತಾರೆ. ಅರ್ಧ ತಾಸು ಮೂರು ಊರು ಸುತ್ತಿ ಮೂರು ತಾಸಾಗುತ್ತದೆ.

ಹೀಗೆ ಹೊರಟವನನ್ನು ದಾರಿಯ ಬದಿಯ ಅರವಟ್ಟಿಗೆಯ ಮುದುಕಿಯು, "ಎಪ್ಪಾ, ಒಂದೀಟು ನೀರು ಕುಡದು ಹೋಗಪಾ, ಬಿಸಲ ಭಾಳೈತಿ," ಎಂದು ಕರೆದರೆ, "ಬ್ಯಾಡಬೇ ಯವ್ವಾ, ಗಾಡೀಮ್ಯಾಲ ಗಾಳಿ ಬಡೀತೈತಿ, ಬಿಸಲ ಏನ ಹತ್ತಂಗಿಲ್ಲ," ಎಂದು ಹೇಳಿ ಮುಂದೆ ಸಾಗುವ ತರುಣರು ಅನೇಕರುಂಟು. ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಅವನಿಗೆ ನಿಜವಾಗಿಯೂ ಬಿಸಿಲು ಹತ್ತಿದಂತೆ ತೋರುವದಿಲ್ಲ. ಅಪಾಯವಿರುವದು ಅಲ್ಲಿಯೇ.

ಗಾಡಿಯ ಎಂಜಿನ್ನನ್ನು ನೋಡಿದರೆ ಈ ಮಾತು ತಿಳಿಯಾಗುವದು. ಅದರ ಮೈಮೇಲೆ ಲೋಹದ ತೆಳುವಾದ ಪದರುಗಳು ರೆಕ್ಕೆಗಳಂತೆ ಚಾಚಿಕೊಂಡಿರುತ್ತವೆ. ಒಳಗೆ ಉರಿಯುವ ಎಣ್ಣೆಯಿಂದ ಅದರ ಮೈ ನೂರು ಡಿಗ್ರಿಗಿಂತ ಬಹಳ ಮೇಲಕ್ಕೆ ಕಾದಿರುವದರಿಂದ, ಎದುರಿನ ಗಾಳಿಯು ಎಷ್ಟು ಬಿಸಿಯಾಗಿದ್ದರೂ ಎಂಜಿನ್ನಿಗೆ ತಂಪೇ. ಓಡಿದಷ್ಟೂ ಅದು ತಣಿಯುತ್ತದೆ; ಸಂತೆಯ ಗದ್ದಲದಲ್ಲಿ ನಿಂತು ಉರಿಯುವಾಗಲೇ ಅದಕ್ಕೆ ಕಷ್ಟ. ಮನುಷ್ಯನ ತೊಗಲಾದರೋ ಸುಮಾರು 35 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಗಾಳಿಯು 30 ಡಿಗ್ರಿ ಇದ್ದಾಗ ಅದು ಮೈಯ ಕಾವನ್ನು ಕೊಂಡೊಯ್ಯುತ್ತದೆ. 40 ಡಿಗ್ರಿಗೆ ಏರಿದಾಗ ಅದೇ ಗಾಳಿಯು ಕಾವನ್ನು ತಂದು ಮೈಗೆ ಸುರಿಯುತ್ತದೆ, ವೇಗ ಹೆಚ್ಚಿದಷ್ಟೂ ಹೆಚ್ಚು ಸುರಿಯುತ್ತದೆ. ಒಂದೇ ಗಾಡಿಯ ಮೇಲೆ ಒಂದೇ ಗಾಳಿಯು ಯಂತ್ರವನ್ನು ತಣಿಸುತ್ತ ಯಜಮಾನನನ್ನು ಕಾಯಿಸುತ್ತದೆ.

ಆಗ ದೇಹಕ್ಕೆ ಉಳಿಯುವ ಆಸರೆಯೆಂದರೆ ಬೆವರೊಂದೇ. ಒಂದು ಲೀಟರು ಬೆವರು ಆವಿಯಾಗಿ ಹೋಗುವಾಗ ಸುಮಾರು 580 ಕಿಲೋಕ್ಯಾಲರಿ ಕಾವನ್ನು ಮೈಯಿಂದ ಒಯ್ಯುತ್ತದೆ. ಏಳು ಲೀಟರು ನೀರನ್ನು ಕುದಿಯ ಹತ್ತಿರಕ್ಕೆ ತರಲು ಸಾಕಾಗುವಷ್ಟು ಕಾವದು. ಇಂಥ ಉಪಕಾರಿಯು ಒಳಗೆ ನೀರಿರುವ ವರೆಗೆ ಮಾತ್ರ ದುಡಿಯುತ್ತದೆ. ಹೊಲದಲ್ಲಿ ಕೆಲಸ ಮಾಡುವವನು ತನ್ನ ಅಂಗಿಯು ತೊಯ್ದು ಬೆನ್ನಿಗೆ ಅಂಟಿದ್ದನ್ನು ಕಂಡು, ನೀರಡಿಕೆಯಾಗುವ ಮೊದಲೇ ತಂಬಿಗೆಯನ್ನು ಹುಡುಕುತ್ತಾನೆ. ಸವಾರನ ಬೆವರು ಹುಟ್ಟಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಆರಿಹೋಗುತ್ತದೆ. ಅಂಗಿ ಒಣಗಿದೆ, ಮೈ ಹಗುರಾಗಿದೆ. ಬೆವರೇ ಬಂದಿಲ್ಲವೆಂದು ಅವನು ತಿಳಿಯುತ್ತಾನೆ. ಮನೆಗೆ ಬಂದು ಅಂಗಿ ಕಳಚಿದಾಗ ಕೊರಳಪಟ್ಟಿಯ ಮೇಲೆ ಕಾಣುವ ಉಪ್ಪಿನ ಬಿಳಿಯ ಗೆರೆಗಳೇ ಆ ದಿನದ ನಿಜವಾದ ಲೆಕ್ಕವನ್ನು ಬರೆದಿಟ್ಟಿರುತ್ತವೆ.

ಸೆಕೆಯೆಂದು ಅಂಗಿಯ ಗುಂಡಿಗಳನ್ನು ಬಿಚ್ಚಿ, ಎದೆಯನ್ನು ಗಾಳಿಗೆ ಒಡ್ಡಿ ಹೋಗುವದು ಆದುದರಿಂದ ಜಾಣತನವಲ್ಲ. ಬಿಸಿಗಾಳಿಯ ನಾಡುಗಳಲ್ಲಿ ಬಾಳಿದವರು ಎಲ್ಲಿಯೂ ಹಾಗೆ ಮಾಡಲಿಲ್ಲ. ಈ ಸೀಮೆಯ ಕುರುಬನು ಬಿಸಿಲಲ್ಲಿಯೂ ಕಂಬಳಿಯನ್ನು ಬಿಡುವದಿಲ್ಲ. ಅರಬಸ್ತಾನದ ಬೆಡುಯಿನ್ ಜನರು ತಲೆಯಿಂದ ಹಿಮ್ಮಡಿಯ ವರೆಗೆ ಸಡಿಲಾದ ನಿಲುವಂಗಿಯನ್ನು ತೊಡುತ್ತಾರೆ, ಅದೂ ಎಷ್ಟೋ ಸಲ ಕರಿಯದು. ಇದೇಕೆಂದು 1980ರಲ್ಲಿ ವಿಜ್ಞಾನಿಗಳು ಮರುಭೂಮಿಯ ಬಿಸಿಲಿನಲ್ಲಿಯೇ ಪರೀಕ್ಷಿಸಿ ನೋಡಲಾಗಿ, ನಿಲುವಂಗಿಯು ಕರಿಯದಿದ್ದರೂ ಬಿಳಿಯದಿದ್ದರೂ ತೊಟ್ಟವನ ಮೈಗೆ ಮುಟ್ಟುವ ಕಾವು ಒಂದೇ ಎಂದು ಕಂಡುಬಂದಿತು; ಕರಿಯ ಅರಿವೆಯು ಹೆಚ್ಚಾಗಿ ಹೀರಿದ ಕಾವು ಮೈಯನ್ನು ಮುಟ್ಟುವ ಮೊದಲೇ ಹೋಗಿಬಿಡುತ್ತಿತ್ತು. ಸವಾರನಿಗೂ ಇದೇ ಪಾಠ. ತೋಳು ಮುಚ್ಚುವ ಸಡಿಲಾದ ಹತ್ತಿಯ ಅಂಗಿ, ಕೊರಳಿಗೆ ತೊಯಿಸಿದ ವಸ್ತ್ರ, ಅದರ ಮೇಲೆ ಗಾಳಿಯನ್ನು ತಡೆಯುವ ಇನ್ನೊಂದು ಹೊದಿಕೆ. ಇಷ್ಟಾದರೆ ಮೈಯ ನೀರು ಬೇಗನೆ ಸೂರೆಹೋಗುವದಿಲ್ಲ.

ಬೆಡುಯಿನರ ಈ ಉಡುಪನ್ನು ತೊಟ್ಟು ಮರುಭೂಮಿಯಲ್ಲಿ ತಿರುಗಿ ಹೆಸರಾದ ಇಂಗ್ಲೆಂಡಿನ ಟಿ. ಇ. ಲಾರೆನ್ಸನು 1935ರಲ್ಲಿ ತನ್ನ ನಾಡಿನ ರಸ್ತೆಯಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡನು. ಅವನ ತಲೆಯ ಮೇಲೆ ಶಿರಸ್ತ್ರಾಣವಿರಲಿಲ್ಲ. ಅವನಿಗೆ ಚಿಕಿತ್ಸೆ ಮಾಡಿದವರಲ್ಲಿ ಒಬ್ಬನಾದ ಹ್ಯೂ ಕೇರ್ನ್ಸ್ ಎಂಬ ಶಸ್ತ್ರವೈದ್ಯನು ಇಂಥ ಸಾವುಗಳನ್ನು ಕುರಿತು ವಿಚಾರಮಾಡಿ, ಶಿರಸ್ತ್ರಾಣದಿಂದ ಜೀವಗಳು ಉಳಿಯುವವೆಂದು 1941ರಲ್ಲಿ ಲೇಖನದ ಮೂಲಕ ತೋರಿಸಿಕೊಟ್ಟನು. ಭಾರತದಲ್ಲಿಯೂ 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಹೆಲ್ಮೆಟ್ಟನ್ನು ಕಡ್ಡಾಯಮಾಡಿದೆ. ಆದರೆ ಬೇಸಿಗೆ ಬಂದಿತೆಂದರೆ ಆ ಹೆಲ್ಮೆಟ್ಟು ತಲೆಯಿಂದ ಇಳಿದು ತೋಳಿಗೆ, ತೋಳಿನಿಂದ ಹಿಡಿಕೆಗೆ ಬಂದು ತೂಗಾಡುತ್ತದೆ. ತಲೆ ಬೇಯುತ್ತದೆಂಬದು ದೂರು. ತೆಳುವಾದ ಹತ್ತಿಯ ವಸ್ತ್ರವೊಂದನ್ನು ನೀರಲ್ಲಿ ಅದ್ದಿ ಹಿಂಡಿ ತಲೆಗೆ ಸುತ್ತಿ ಅದರ ಮೇಲೆ ಹೆಲ್ಮೆಟ್ಟನ್ನು ಇಟ್ಟುಕೊಂಡರೆ, ಅಜ್ಜನ ಪಟಗದ ಗುಣವೂ ಕೇರ್ನ್ಸನ ಬುದ್ಧಿವಾದವೂ ಒಂದೇ ತಲೆಯ ಮೇಲೆ ಕೂಡಿ ಇರಬಲ್ಲವು.

ಸವಾರನು ತನ್ನ ಮಟ್ಟಿಗೆ ಏನಾದರೂ ಮಾಡಿಕೊಳ್ಳಲಿ. ಅವನೊಡನೆ ಬರುವವರ ಗತಿಯು ಬೇರೆ. ಹಿಂದೆ ಸೆರಗು ಹೊದ್ದು ಕುಳಿತ ಹೆಂಡತಿಗೆ ಗಂಡನ ಬೆನ್ನಿನ ಮರೆಯಾದರೂ ಇದೆ. ಮುಂದೆ ಪೆಟ್ರೋಲಿನ ಟಾಕಿಯ ಮೇಲೆ ಕೂಡಿಸಿದ ಕೂಸಿಗೆ ಮರೆಯೆಂಬದೇ ಇಲ್ಲ. ಕೆಳಗೆ ಕಾದ ಲೋಹ, ಎದುರಿಗೆ ಬಿಸಿಗಾಳಿ. ಅದರ ಸಣ್ಣ ಮೈ ದೊಡ್ಡವರಿಗಿಂತ ಬೇಗನೆ ಕಾಯುತ್ತದೆ. ಗಾಳಿಗೆ ಅದು ಕಣ್ಣು ಮುಚ್ಚಿ ತೂಕಡಿಸಿದರೆ ಹೆತ್ತವರು ನಿದ್ದೆ ಬಂದಿತೆಂದು ಸಮಾಧಾನಪಡುತ್ತಾರೆ. ಅದು ಯಾವಾಗಲೂ ನಿದ್ದೆಯೇ ಆಗಿರಬೇಕೆಂದಿಲ್ಲ. ಗಾಡಿಯನ್ನು ನಿಲ್ಲಿಸಿ, ಹೆಸರು ಹಿಡಿದು ಕರೆದು, ಎರಡು ಗುಟುಕು ನೀರು ಕುಡಿಸಿ ನೋಡುವದರಿಂದ ಹೋಗುವದು ಐದು ನಿಮಿಷ ಮಾತ್ರ.

ಈ ದಾರಿಯಲ್ಲಿ ಬಿಸಿಲಿನ ಜೊತೆಗೆ ತಂಪೂ ಇದೆ. ಧೂಪದಾಳದ ಒಡ್ಡಿನಿಂದ ಹೊರಡುವ ಘಟಪ್ರಭೆಯ ಎಡದಂಡೆಯ ಕಾಲುವೆಯು ಹರಿದಲ್ಲೆಲ್ಲ ಕಬ್ಬು ನಿಂತಿದೆ. ಬೆಂದ ಎರೆಹೊಲಗಳ ನಡುವಿನಿಂದ ಬಂದ ಸವಾರನು ಕಬ್ಬಿನ ಗದ್ದೆಗಳ ಸಾಲನ್ನು ಹೊಕ್ಕ ಕೂಡಲೆ, ಯಾರೋ ಒದ್ದೆಯ ಪರದೆಯನ್ನು ಮೋರೆಯ ಮೇಲೆ ಎಳೆದಂತಾಗುತ್ತದೆ. ಗದ್ದೆ ಮುಗಿಯಿತೆಂದರೆ ಮತ್ತೆ ಕುಲುಮೆಯ ಬಾಯಿ. ಎಲೆಗಳಿಂದ ಹೊರಬೀಳುವ ನೀರಿನ ಆವಿಯೇ ಈ ತಂಪಿಗೆ ಕಾರಣ. ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಗಿಡಗಳನ್ನು ಕುರಿತು ಓದುವದನ್ನು, ಗಾಡಿಯ ಮೇಲೆ ಹೋಗುವವನು ತನ್ನ ಕೆನ್ನೆಯಿಂದಲೇ ಓದಿಕೊಳ್ಳಬಹುದು. ಆದರೆ ರಸ್ತೆಗಳು ಅಗಲವಾಗುವಾಗ ಮೊದಲು ಬೀಳುವವು ಬದಿಯ ಮರಗಳೇ. ಅವು ಬಿದ್ದಾಗ ಚಕ್ಕಡಿಯ ಕಾಲದ ಜನರಾಗಿದ್ದರೆ ಮರುಗುತ್ತಿದ್ದರು. ಫಟಫಟಿಯವನು ನೆರಳಿನ ಹಂಗು ತನಗಿಲ್ಲವೆಂದು ಸುಮ್ಮನಿರುತ್ತಾನೆ. ಮೇಲೆ ಹೇಳಿದ ಗಾಳಿಯ ಮೋಸವು ಹೀಗೆ ಅವನ ಮೈಯನ್ನಷ್ಟೇ ಅಲ್ಲದೆ ಅವನ ದಾರಿಯನ್ನೂ ಹಾಳುಮಾಡುತ್ತದೆ.

ಗಾಡಿಯ ಆರೈಕೆಯಲ್ಲಿ ಬೇಸಿಗೆಗೆಂದು ಹೇಳತಕ್ಕ ಮಾತುಗಳು ಕೆಲವೇ. ಗಾಲಿಯ ಗಾಳಿಯನ್ನು ಮುಂಜಾನೆ, ಗಾಡಿ ತಣ್ಣಗಿರುವಾಗಲೇ ಅಳೆಯಿಸಬೇಕು. ಓಡಿ ಕಾದ ಗಾಲಿಯಲ್ಲಿ ಗಾಳಿಯು ಹಿಗ್ಗಿ ಅಳತೆಯು ಹೆಚ್ಚು ತೋರುವದರಿಂದ, ಅದನ್ನು ನೋಡಿ ಗಾಳಿ ಬಿಟ್ಟವನು ಮರುದಿನ ಸಪ್ಪಗಾದ ಗಾಲಿಯ ಮೇಲೆ ಹೋಗಬೇಕಾಗುತ್ತದೆ. ಡಾಂಬರು ಮೆತ್ತಗಾದ ತಿರುವಿನಲ್ಲಿ ಹುಶಾರಾಗಿರಬೇಕು. ಸಂಜೆಯ ಅಡ್ಡಮಳೆಯ ಮೊದಲ ಹನಿಗಳು ರಸ್ತೆಯ ಧೂಳು ಎಣ್ಣೆಗಳನ್ನು ಕಲಸಿ ಜಾರಿಕೆಯನ್ನು ಮಾಡುತ್ತವೆ. ಬಿಸಿಲಿನಿಂದ ಬಿಡುಗಡೆಯಾಯಿತೆಂದು ಆ ಹೊತ್ತಿಗೆ ವೇಗ ಹೆಚ್ಚಿಸಬಾರದು.

ಮೈಯ ಆರೈಕೆಗೆ ಮಜ್ಜಿಗೆ, ಅಂಬಲಿ, ಲಿಂಬೆಯ ಪಾನಕಗಳಿಗಿಂತ ದೊಡ್ಡ ಔಷಧವನ್ನು ಹುಡುಕಬೇಕಾಗಿಲ್ಲ. ಅವು ದೊರೆಯದಿದ್ದಲ್ಲಿ ಒಂದು ಲೀಟರು ಶುದ್ಧವಾದ ನೀರಿಗೆ ಆರು ಸಣ್ಣ ಚಮಚೆ ಸಕ್ಕರೆ, ಅರ್ಧ ಸಣ್ಣ ಚಮಚೆ ಉಪ್ಪು ಕೂಡಿಸಿದರೆ ಬೆವರಿನೊಡನೆ ಹೋದದ್ದು ಮರಳಿ ಬರುವದು. ತಲೆ ಸಿಡಿಯುವದು, ಓಕರಿಕೆ, ಕಾಲಿನ ಹುರಿ ಹಿಡಿಯುವದು, ಇವು ನಿಲ್ಲೆಂದು ಹೇಳುವ ಗುರುತುಗಳು. ಮಾತು ತೊದಲಿ, ನಡೆ ತಪ್ಪಿ, ಮೈ ಕೆಂಡದಂತಾದರೆ ಅದು ಬಿಸಿಲಿನ ಬೇನೆ. ದೇಹದ ಕಾವು 40 ಡಿಗ್ರಿಯನ್ನು ದಾಟಿರುತ್ತದೆ. ಅಂಥವನನ್ನು ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಹನಿಸಿ ಬೀಸಬೇಕು, 108ಕ್ಕೆ ಕರೆಮಾಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ನೀರು ಹಾಕಬಾರದು.

ಫಟಫಟಿಯನ್ನು ಬಿಟ್ಟು ಚಕ್ಕಡಿಗೆ ಮರಳಿರೆಂದು ಹೇಳುವದು ಹುಚ್ಚು ಮಾತಾದೀತು. ಅದು ಹಳ್ಳಿಯ ರೋಗಿಯನ್ನು ವೈದ್ಯನಲ್ಲಿಗೆ ಮುಟ್ಟಿಸಿದೆ, ಹುಡುಗಿಯರನ್ನು ಶಾಲೆಗೆ ಮುಟ್ಟಿಸಿದೆ, ತವರನ್ನು ಹತ್ತಿರಕ್ಕೆ ತಂದಿದೆ. ಎತ್ತುಗಳು ಹೇಳುತ್ತಿದ್ದ ಮಾತನ್ನು ಈಗ ಸವಾರನು ತನಗೆ ತಾನೇ ಹೇಳಿಕೊಳ್ಳಬೇಕಾಗಿದೆ, ಅಷ್ಟೇ: ಹೊತ್ತು ಏರುವ ಮೊದಲೇ ಹೊರಡುವದು, ನೆತ್ತಿಯ ಬಿಸಿಲಿಗೆ ನಿಲ್ಲುವದು. ನಿಲ್ಲುವವನಿಗೆ ನೆರಳೊಂದು ಬೇಕು, ನೀರೊಂದು ಬೇಕು. ಊರವರು ಕೂಡಿ ಅಗಲವಾದ ರಸ್ತೆಯ ಎರಡೂ ಬದಿಗೆ ಬೇವು, ಹೊಂಗೆಗಳನ್ನು ಹಚ್ಚಿ, ಮೂರು ಬೇಸಿಗೆ ನೀರೆರೆದು ಬೆಳೆಸಿದರೆ ನೆರಳು ಬರುವದು. ಅರವಟ್ಟಿಗೆಯ ಹರಿವಿಯಲ್ಲಿ ನೀರು ಈಗಲೂ ಇದೆ. ಮುದುಕಿಯು ಕರೆಯುತ್ತಲೇ ಇರುವಳು.