ನಕ್ಷೆಯಿಂದ ಅಳಿಸಿದ ಗೆರೆ

ಶನಿವಾರ ರಾತ್ರಿ ಊಟವಾದ ಮೇಲೆ ನನಗೆ ಒಂದೇ ಕೆಲಸ. ಮೊಬೈಲಿನಲ್ಲಿ ನಕ್ಷೆ ತೆರೆದು, ಮರುದಿನ ಬೆಳಿಗ್ಗೆ ಸೈಕಲ್ ತುಳಿಯಲು ಎಲ್ಲಿಗೆ ಹೋಗುವುದೆಂದು ಹುಡುಕುವುದು. ನನ್ನದು ದಪ್ಪ ಟೈರಿನ ಮೌಂಟನ್ ಬೈಕು. ಟಾರು ರಸ್ತೆಯಲ್ಲಿ ಅದು ಎಮ್ಮೆಯ ಹಾಗೆ ನಿಧಾನ, ಮಣ್ಣಿಗಿಳಿದರೆ ಮೇಕೆಯ ಹಾಗೆ ಚುರುಕು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮನೆ, ಅಲ್ಲೇ ಕೆಲಸ. ವಾರವಿಡೀ ಫ್ಲೈಓವರಿನ ಕೆಳಗೆ ಹೊಗೆ ಕುಡಿದವನಿಗೆ ಭಾನುವಾರ ಎರಡು ಗಂಟೆಯಾದರೂ ಮಣ್ಣಿನ ದಾರಿ ಬೇಕೆನಿಸುತ್ತದೆ.

ಆದರೆ ಬೆಂಗಳೂರಿನ ಸುತ್ತ ಇಂಥ ದಾರಿ ಸುಲಭಕ್ಕೆ ಸಿಗುವುದಿಲ್ಲ. ಕನಕಪುರ ರಸ್ತೆಯ ಕಡೆಯ ತುರಹಳ್ಳಿ ಕಾಡಿನ ಬಂಡೆ, ಏರಿಳಿತಗಳಲ್ಲಿ ಈ ಸೈಕಲ್ ಕಲಿತವರು ಎಷ್ಟೋ ಮಂದಿ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುತ್ತಾರೆಂದಾಗ ಕಾಡು ಕಾಡಾಗಿಯೇ ಇರಲಿ ಎಂದು ಜನ ಬೀದಿಗಿಳಿದಿದ್ದರು. ಯಲಹಂಕದ ಆಚೆ ಆವಲಹಳ್ಳಿ ಕಾಡಿದೆ. ನಮ್ಮ ಮನೆಯಿಂದ ಇಡೀ ಊರನ್ನು ದಾಟಿ ಹೋಗಬೇಕು. ನನಗೆ ಹತ್ತಿರದ್ದು ಬನ್ನೇರುಘಟ್ಟ. ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳನ್ನು ದಾಟಿದರೆ ರಾಗಿ ಹೊಲಗಳು, ಅವುಗಳ ಬೆನ್ನಿಗೇ ಕಾಡು. ಅದು 1974ರಿಂದ ರಾಷ್ಟ್ರೀಯ ಉದ್ಯಾನ. ಒಳಗೆ ಸೈಕಲ್ ಬಿಡುವಂತಿಲ್ಲ ಎಂಬುದು ನನಗೂ ಗೊತ್ತಿತ್ತು. ಹಾಗಾಗಿ ನಾನು ಹುಡುಕುತ್ತಿದ್ದದ್ದು ಅಂಚಿನ ದಾರಿಗಳನ್ನು.

ಹುಡುಕಲು ನಮಗೊಂದು ಅಸ್ತ್ರವಿದೆ. ಸ್ಟ್ರಾವಾದಂಥ ಆ್ಯಪ್‌ಗಳಲ್ಲಿ ಲಕ್ಷಾಂತರ ಜನ ತಮ್ಮ ಓಟ, ಸೈಕಲ್ ಸವಾರಿಗಳನ್ನು ದಾಖಲಿಸುತ್ತಾರೆ. ಅವನ್ನೆಲ್ಲ ಒಟ್ಟುಗೂಡಿಸಿದ ನಕ್ಷೆಯಲ್ಲಿ ಹೆಚ್ಚು ಜನ ಹೋದ ದಾರಿ ಹೆಚ್ಚು ಹೊಳೆಯುತ್ತದೆ. 2018ರ ಜನವರಿಯಲ್ಲಿ ಇದೇ ನಕ್ಷೆಯಿಂದ ಬೇರೆ ಬೇರೆ ದೇಶಗಳ ಸೇನಾ ನೆಲೆಗಳ ಗುಟ್ಟು ಬಯಲಾಗಿತ್ತು. ಸೈನಿಕರು ಬೆಳಗಿನ ಓಟವನ್ನು ದಾಖಲಿಸಿದ್ದೇ ಕಾರಣ. ಆ ಸುದ್ದಿ ಓದಿ ನಕ್ಕಿದ್ದೆ. ನಾನೂ ಅದೇ ಕೆಲಸ ಮಾಡುತ್ತೇನೆಂದು ಆಗ ಹೊಳೆದಿರಲಿಲ್ಲ.

ಒಂದು ವರ್ಷ ಅಕ್ಟೋಬರ್ ಕೊನೆಯಲ್ಲಿ, ಉಪಗ್ರಹದ ಚಿತ್ರದಲ್ಲಿ ಹೊಲಗಳಿಂದ ಕಾಡಿನ ಕಡೆಗೆ ಸಾಗುವ ಸಣ್ಣ ಕಂದು ಗೆರೆಯೊಂದು ಕಂಡಿತು. ಅದರ ಮೇಲೆ ಯಾರ ಸವಾರಿಯೂ ದಾಖಲಾಗಿರಲಿಲ್ಲ. ಮಳೆ ಬಿಟ್ಟು ಎರಡು ದಿನ ಆಗಿತ್ತು. ಕೆಂಪು ಮಣ್ಣು ಹಸಿಯಿದ್ದಾಗ ಹೋದರೆ ಟೈರು ದಾರಿಯನ್ನು ಸೀಳುತ್ತದೆ, ಮುಂದಿನ ಮಳೆಗೆ ಆ ಸೀಳೇ ಕೊರಕಲಾಗುತ್ತದೆ. ಅಷ್ಟು ಎಚ್ಚರ ನನಗಿತ್ತು. ಟೈರಿನ ಗಾಳಿ ಕೊಂಚ ಇಳಿಸಿ, ಎರಡು ಲೀಟರ್ ನೀರು, ಪಂಕ್ಚರ್ ಕಿಟ್ ಇಟ್ಟುಕೊಂಡು ಐದೂವರೆಗೆ ಹೊರಟೆ. ದಾರಿ ನಿಜಕ್ಕೂ ಚೆನ್ನಾಗಿತ್ತು. ಲಂಟಾನದ ನಡುವೆ ಮೆತ್ತಗೆ ತುಳಿದು ಹದವಾದ ನೆಲ, ಕಡಿದಾದ ಏರು ಒಂದೂ ಇಲ್ಲ. ಯಾರೋ ತಿಳಿದವರೇ ಮಾಡಿದ ದಾರಿಯೆನಿಸಿತು. ಕಾಡಿನ ಕಂದಕ ಸಿಗುವವರೆಗೆ ಹೋಗಿ ತಿರುಗಿದೆ. ಮನೆಗೆ ಬಂದು ಅದಕ್ಕೊಂದು ಹೆಸರಿಟ್ಟು ಎಲ್ಲರಿಗೂ ಕಾಣುವಂತೆ ಹಾಕಿದೆ. ಸಂಜೆಯೊಳಗೆ ಮೆಚ್ಚುಗೆಗಳು ಬಂದವು. ಹೊಸ ದಾರಿ ಕಂಡುಹಿಡಿದೆನೆಂದು ಹೆಮ್ಮೆಪಟ್ಟೆ.

ಮೂರು ವಾರ ಬಿಟ್ಟು ಮತ್ತೆ ಹೋದಾಗ ಆ ಮಣ್ಣಿನ ಮೇಲೆ ಏಳೆಂಟು ಬಗೆಯ ಟೈರಿನ ಗುರುತುಗಳಿದ್ದವು. ಒಂದು ಕಡೆ ಎನರ್ಜಿ ಜೆಲ್ಲಿನ ಖಾಲಿ ಪೊಟ್ಟಣ ಬಿದ್ದಿತ್ತು. ಪಕ್ಕದ ಹೊಲದ ಅಟ್ಟಣೆಯಿಂದ ವಯಸ್ಸಾದವರೊಬ್ಬರು ಇಳಿದು ಬಂದರು. ಹೆಗಲ ಮೇಲೆ ಕಂಬಳಿ, ಕಣ್ಣು ಕೆಂಪಾಗಿತ್ತು.

"ಏನ್ ಸಾರ್, ಎಲ್ಲಾ ಈಗ ಈ ಕಡೆ ಬತ್ತಿದೀರಾ?"

"ದಾರಿ ಚೆನ್ನಾಗಿದೆ ಯಜಮಾನ್ರೇ, ಅದಕ್ಕೇ."

"ಚೆನ್ನಾಗಿರಲ್ವಾ? ಆನೆ ಮಾಡಿರೋ ದಾರಿ ಅದು."

ಅವರು ಗದರಲಿಲ್ಲ. ನಿಧಾನವಾಗಿ ಹೇಳಿದರು. ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆಗಳು ಕತ್ತಲಾದ ಮೇಲೆ ಹೊಲಕ್ಕೆ ಬರುತ್ತವೆ. ಊರಿನವರು ರಾತ್ರಿಯೆಲ್ಲ ತಮಟೆ, ಪಟಾಕಿ, ಟಾರ್ಚು ಹಿಡಿದು ಕಾಯುತ್ತಾರೆ. ಬೆಳಕು ಹರಿಯುವ ಮುಂಚೆ ಅವು ತಾವಾಗಿಯೇ ಈ ಜಾಡು ಹಿಡಿದು ಕಾಡಿಗೆ ವಾಪಸಾಗುತ್ತವೆ. "ಅದೇ ಹೊತ್ಗೆ ನೀವು ಲೈಟ್ ಹಾಕ್ಕೊಂಡು ಎದುರಿಗೆ ಬಂದ್ರೆ ಅವು ಎಲ್ಲಿಗೋಗ್ಬೇಕು ಹೇಳಿ? ಹಿಂದಕ್ಕೆ ತಿರುಗ್ತವೆ. ಹಿಂದೆ ನಮ್ಮ ಹೊಲ, ನಮ್ಮನೆ."

ಹಿಂದಿನ ಭಾನುವಾರ ಹಾಗೇ ಆಗಿತ್ತಂತೆ. ಬೆಳಗಿನ ಜಾವ ಒಂದು ಗುಂಪು ಬಂದಿದೆ, ಅವರ ದೀಪ ಕಂಡು ಎರಡು ಆನೆಗಳು ಹಿಂದಿರುಗಿವೆ. ಸೈಕಲಿನವರಿಗೆ ಆನೆ ಇದ್ದದ್ದೇ ಗೊತ್ತಾಗಿಲ್ಲ. ಇವರ ಅರ್ಧ ಎಕರೆ ರಾಗಿ ತುಳಿದುಹೋಗಿತ್ತು. ತೋರಿಸಿದರು. ಮಣ್ಣಿನಲ್ಲಿ ಕೂತ ತೆನೆಗಳನ್ನು ನೋಡಿ ನನಗೆ ಮಾತು ಹೊರಡಲಿಲ್ಲ. ಆ ಗೆರೆ ಹಾಕಿದವನು ನಾನೇ ಎಂದು ಹೇಳಲು ಅಲ್ಲಿ ಹತ್ತು ನಿಮಿಷ ನಿಂತೆ. ಕೊನೆಗೂ ಹೇಳಿದೆ. ಅವರಿಗೆ ಆ್ಯಪ್ ಅರ್ಥವಾಗಲಿಲ್ಲ, ಆದರೆ "ನೀವೇ ದಾರಿ ತೋರಿಸಿದ್ದಾ?" ಎಂದು ಕೇಳಿ ಸುಮ್ಮನಾದರು.

ಆ ದಿನವೇ ಸವಾರಿಯನ್ನು ಅಳಿಸಿದೆ. ಆದರೆ ಅದನ್ನು ಇಳಿಸಿಕೊಂಡವರ ಮೊಬೈಲಿನಿಂದ ಅಳಿಸುವುದು ಹೇಗೆ? ಗೊತ್ತಿದ್ದ ನಾಲ್ಕು ಜನರಿಗೆ ಫೋನ್ ಮಾಡಿ ಹೇಳಿದೆ. ಮೂವರು ಒಪ್ಪಿದರು. ಒಬ್ಬ, "ಕಾಡಿನ ಒಳಗೇನೂ ಹೋಗಿಲ್ವಲ್ಲ?" ಎಂದ. ನನ್ನ ಲೆಕ್ಕಾಚಾರವೂ ಅದೇ ಆಗಿತ್ತು: ಕಂದಕದ ಒಳಗೆ ಕಾಡು, ಹೊರಗೆ ನಮ್ಮದು.

ಪ್ರಾಣಿಗಳಿಗೆ ಆ ಗಡಿ ಗೊತ್ತಿಲ್ಲ. ಬನ್ನೇರುಘಟ್ಟದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ ಮೊದಲ ಕರಡಿನಲ್ಲಿ 268.96 ಚದರ ಕಿ.ಮೀ. ಇತ್ತು, 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಕಾಗದದ ಮೇಲೆ ನೂರು ಚದರ ಕಿಲೋಮೀಟರು ಕಡಿಮೆಯಾಯಿತೆಂದು ಆನೆ ತನ್ನ ಜಾಡು ಬದಲಿಸುವುದಿಲ್ಲ. 2023ರ ಅಕ್ಟೋಬರ್ ಕೊನೆಯಲ್ಲಿ ಚಿರತೆಯೊಂದು ಕೂಡ್ಲು ಗೇಟಿನ ಸುತ್ತಮುತ್ತ, ಅಪಾರ್ಟ್‌ಮೆಂಟುಗಳ ನಡುವೆ ಓಡಾಡಿತು. ನವೆಂಬರ್ 1ರಂದು ಹಿಡಿಯುವ ಪ್ರಯತ್ನದಲ್ಲಿ ಸತ್ತಿತು. ನಮ್ಮ ಮನೆಯಿಂದ ಅದು ದೂರವೇನಲ್ಲ. ಆ ವಾರ ನಾವೆಲ್ಲ ಕೇಳಿದ್ದು, ಚಿರತೆ ಇಲ್ಲಿಗೆ ಯಾವ ದಾರಿಯಲ್ಲಿ ಬಂತು ಎಂದು. ಆನೆಯ ದಾರಿಗೆ ನಾನು ಹೇಗೆ ಹೋದೆ ಎಂದು ನನ್ನನ್ನು ಕೇಳಿದವರು ಅಟ್ಟಣೆಯ ಆ ಹಿರಿಯರು ಮಾತ್ರ.

ಸೈಕಲ್ ಬಿಟ್ಟಿಲ್ಲ. ಶನಿವಾರ ರಾತ್ರಿ ಈಗಲೂ ನಕ್ಷೆ ತೆರೆಯುತ್ತೇನೆ, ಆದರೆ ಹುಡುಕುವ ಕ್ರಮ ಬದಲಾಗಿದೆ. ಮೊದಲು ಜಮೀನು ಯಾರದು, ಅರಣ್ಯ ಇಲಾಖೆಯದಾದರೆ ಅನುಮತಿ ಇದೆಯೇ ಎಂದು ವಿಚಾರಿಸುತ್ತೇನೆ. ಆಮೇಲೆ ಕಾಲ ನೋಡುತ್ತೇನೆ: ರಾಗಿ ಹೊಲದಲ್ಲಿ ನಿಂತಿರುವಷ್ಟು ದಿನ ಕಾಡಂಚಿನ ಕಡೆ ಇಲ್ಲ, ಬೇರೆ ದಿನಗಳಲ್ಲೂ ಎಂಟು ಗಂಟೆಗೆ ಮೊದಲು ಇಲ್ಲ. ಆ ಊರಿನಲ್ಲಿ ಯಾರಾದರೂ ಪರಿಚಯದವರಿದ್ದರೆ ಫೋನ್ ಮಾಡುತ್ತೇನೆ. ಉಪಗ್ರಹಕ್ಕೆ ಕಾಣದ್ದು ಅವರಿಗೆ ಗೊತ್ತಿರುತ್ತದೆ. ಸವಾರಿ ದಾಖಲಿಸಿದರೂ ನನಗೊಬ್ಬನಿಗೇ ಕಾಣುವಂತೆ ಇಡುತ್ತೇನೆ. ಎಷ್ಟೋ ಭಾನುವಾರ ಎಲ್ಲಿಗೂ ಹೋಗದೆ ಕೆರೆ ಏರಿಯ ಮೇಲೆ ತುಳಿದು ಬರುವುದೂ ಉಂಟು.

ಜನವರಿಯಲ್ಲಿ ಆ ಹೊಲದ ಕಡೆ ಹೋಗಿದ್ದೆ, ಈ ಬಾರಿ ಊರಿನ ದೊಡ್ಡ ದಾರಿಯಲ್ಲಿ, ಒಂಬತ್ತು ಗಂಟೆಗೆ. ಉಳಿದ ರಾಗಿ ಕೊಯ್ದು ಮೆದೆ ಹಾಕಿದ್ದರು. ನಷ್ಟಕ್ಕೆಂದು ಒಂದಿಷ್ಟು ದುಡ್ಡು ತಗೊಂಡು ಹೋಗಿದ್ದೆ. ಅವರು ಮುಟ್ಟಲಿಲ್ಲ. ಮನೆಯವರನ್ನು ಕೂಗಿ ಮಜ್ಜಿಗೆ ತರಿಸಿದರು. ಹೊರಡುವಾಗ ಸೈಕಲಿನ ಟೈರು ಒತ್ತಿ ನೋಡಿ ಕೇಳಿದರು, "ಈಗ ಬೆಳಗ್ಗೆ ಹೊತ್ತು ಯಾರೂ ಬತ್ತಿಲ್ಲ. ನೀವು ಹೇಳಿದ್ರಾ?"

"ಕೆಲವರಿಗೆ ಹೇಳಿದೀನಿ. ಎಲ್ಲರಿಗೂ ಹೇಳಕ್ಕಾಗಿಲ್ಲ," ಎಂದೆ.