ಸಮುದ್ರದ ಮುಂದೊಂದು ಬಾಡಿಗೆಯ ಮನೆ

ಮುಂಬಯಿಯ ಮೆರೀನ್ ಡ್ರೈವನ್ನು ಕಣ್ಣಾರೆ ಕಾಣದವರೂ ಚಲನಚಿತ್ರಗಳಲ್ಲಿ ಕಂಡಿರುತ್ತಾರೆ. ಅರಬ್ಬೀ ಸಮುದ್ರದ ಅಂಚಿನಲ್ಲಿ ಸುಮಾರು ಮೂರೂವರೆ ಕಿಲೋಮೀಟರು ಬಾಗಿ ಸಾಗುವ ಈ ಬೀದಿಗೆ ದೀಪ ಹೊತ್ತಿದ ಮೇಲೆ ‘ರಾಣಿಯ ಕಂಠಹಾರ’ ಎಂಬ ಹೆಸರು ಚೆನ್ನಾಗಿ ಒಪ್ಪುತ್ತದೆ. ಕಡಲನ್ನು ಹಿಂದಕ್ಕೆ ತಳ್ಳಿ ಪಡೆದ ನೆಲದ ಮೇಲೆ 1930 ಮತ್ತು 1940ರ ದಶಕಗಳಲ್ಲಿ ಇಲ್ಲಿನ ಆರ್ಟ್ ಡೆಕೊ ಶೈಲಿಯ ಮನೆಗಳು ಎದ್ದವು. ದುಂಡನೆಯ ಮೂಲೆಗಳು, ಹಡಗನ್ನು ನೆನಪಿಗೆ ತರುವ ಬಾಲ್ಕನಿಗಳು! ಓವಲ್ ಮೈದಾನದ ಬದಿಯ ಗಾಥಿಕ್ ಸೌಧಗಳೊಡನೆ ಇವೂ 2018ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು.

ಇಂಥಲ್ಲಿ ಬಿಡಾರ ಹೂಡುವ ಆಸೆ ಯಾರಿಗಿಲ್ಲ? ಆದರೆ ಬಾಡಿಗೆ ವಿಚಾರಿಸಿದವರಿಗೆ ಒಂದು ಒಗಟು ಎದುರಾಗುತ್ತದೆ. ಕಟ್ಟಡ ಒಂದೇ, ಬೀಸುವ ಗಾಳಿಯೂ ಒಂದೇ. ಹಳೆಯ ಬಾಡಿಗೆದಾರರೊಬ್ಬರು ತಿಂಗಳಿಗೆ ಕೆಲವು ನೂರು ರೂಪಾಯಿ ತೆರುತ್ತಿರಬಹುದು. ಮೇಲಿನ ಮಹಡಿಗೆ ಹೊಸದಾಗಿ ಬಂದವರು ಲಕ್ಷಗಳಲ್ಲಿ ಎಣಿಸಬೇಕಾಗುತ್ತದೆ.

ಒಗಟಿನ ಬೀಗದಕೈ ಇರುವುದು ಕಾನೂನಿನಲ್ಲಿ. ಜನ ಕಿಕ್ಕಿರಿದ ನಗರದಲ್ಲಿ ಒಕ್ಕಲಿದ್ದವರು ಬೀದಿಪಾಲಾಗದಿರಲೆಂದು 1947ರ ಮುಂಬಯಿ ಬಾಡಿಗೆ ಶಾಸನವು 1940ರ ಸೆಪ್ಟೆಂಬರ್ 1ರ ಬಾಡಿಗೆಯನ್ನೇ ಪ್ರಮಾಣವಾಗಿ ಹಿಡಿಯಿತು. ಬೆಲೆಗಳೆಲ್ಲ ಏರಿದರೂ ಬಾಡಿಗೆ ಕದಲಲಿಲ್ಲ. ಆದಾಯವಿಲ್ಲದ ಒಡೆಯರು ದುರಸ್ತಿಗೆ ಉದಾಸೀನರಾದರು. ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿಯಿತು. ಬೀಗದಕೈ ಕೈಬದಲಾಗುವಾಗ ‘ಪಗಡಿ’ ಎಂಬ ದೊಡ್ಡ ಮೊತ್ತ ಗುಟ್ಟಾಗಿ ಸಂದಾಯವಾಗತೊಡಗಿತು. 2000ದಲ್ಲಿ ಜಾರಿಗೆ ಬಂದ ಹೊಸ ಶಾಸನ ಪಗಡಿಗೆ ಮನ್ನಣೆಯಿತ್ತು, ವರ್ಷಕ್ಕೆ ಶೇಕಡಾ 4ರಷ್ಟು ಏರಿಕೆಗೆ ಅವಕಾಶ ಕೊಟ್ಟಿತು. ನೂರು ರೂಪಾಯಿಗೆ ನಾಲ್ಕು ರೂಪಾಯಿ ಏರಿದರೆ ಎಷ್ಟಾದೀತು?

ಹೊಸಬರ ದಾರಿಯೇ ಬೇರೆ. ಅವರಿಗೆ ದೊರೆಯುವುದು ‘ಲೀವ್ ಅಂಡ್ ಲೈಸೆನ್ಸ್’ ಕರಾರು, ಸಾಮಾನ್ಯವಾಗಿ ಹನ್ನೊಂದು ತಿಂಗಳಿನದು. ಬಾಡಿಗೆಯಲ್ಲದೆ ಹಲವು ತಿಂಗಳ ಠೇವಣಿಯನ್ನೂ ಇಡಬೇಕು. ಕಾನೂನಿನ ಕಣ್ಣಿನಲ್ಲಿ ಅವರು ಒಕ್ಕಲಲ್ಲ, ಅನುಮತಿ ಪಡೆದು ಇರುವವರು. ಅವಧಿ ಮುಗಿದೂ ಮನೆ ಬಿಡದಿದ್ದರೆ ಇಮ್ಮಡಿ ಹಣ ತೆರುವ ಹೊಣೆ ತಲೆಗೆ ಬರುತ್ತದೆ.

ಇದೇ ಸೋಜಿಗ. ನೂರುಗಳಲ್ಲಿ ಕೊಡುವ ವೃದ್ಧರು ಗೋಡೆಗೆ ಮೊಳೆ ಹೊಡೆದು ಮೊಮ್ಮಕ್ಕಳ ಭಾವಚಿತ್ರ ತೂಗುಹಾಕುತ್ತಾರೆ. ಲಕ್ಷ ಕೊಡುವ ಸಂಸಾರ ಪೆಟ್ಟಿಗೆಗಳನ್ನು ಪೂರ್ತಿ ಬಿಚ್ಚಲೂ ಹಿಂಜರಿಯುತ್ತದೆ. ಮಗುವನ್ನು ಶಾಲೆಗೆ ಸೇರಿಸುವ ಮೊದಲು ತಾಯಿ ಕರಾರಿನ ತಾರೀಖು ನೋಡಬೇಕು. ಹಣಕ್ಕೆ ಸಮುದ್ರದ ನೋಟ ಸಿಕ್ಕೀತು, ನಾಳೆಯ ನೆಮ್ಮದಿ ಸುಲಭಕ್ಕೆ ಸಿಕ್ಕದು.

ವರ್ಗವಾಗಿ ಮುಂಬಯಿಗೆ ಹೊರಟಿರುವ ವಾಚಕರು ಒಂದು ಮಾತು ನೆನಪಿಡಬೇಕು. ಕರಾರು ಬರವಣಿಗೆಯಲ್ಲಿದ್ದು ನೋಂದಣಿಯಾಗಲೇಬೇಕು. ನೋಂದಣಿಯ ಹೊಣೆ ಮನೆಯೊಡೆಯರದು. ಅದು ಆಗದಿದ್ದಲ್ಲಿ ವ್ಯಾಜ್ಯ ಬಂದಾಗ, ಬೇರೆ ರೀತಿ ರುಜುವಾತಾಗುವವರೆಗೆ, ಮನೆಯಲ್ಲಿರುವವರ ಮಾತಿಗೇ ಮನ್ನಣೆ. ಬಾಲ್ಕನಿಯಿಂದ ಕಡಲನ್ನು ನೋಡುವ ಮೊದಲು ಆ ಕಾಗದವನ್ನು ನೋಡುವುದು ಲೇಸು. ಕಡಲಾದರೋ, ಬೀದಿಯ ಕಟ್ಟೆಯ ಮೇಲೆ ಕುಳಿತವರಿಗೂ ಬಾಡಿಗೆಯಿಲ್ಲದೆ ಕಾಣುತ್ತದೆ.